ಕರಾರು ಮಾಡಿಕೊಟ್ಟವರು ಈಗ ಮನೆ ಬರೆದುಕೊಡಲ್ಲ ಅಂತಾರೆ, ಏನು ಮಾಡಲಿ?

ಪ್ರಶ್ನೆ: ವಕೀಲ ಸಾಹೇಬರೆ, ನಾನು ಕಲಬುರಗಿಯಲ್ಲಿ ಖಾಸಗಿ ಶಾಲೆಯ ಮಾಸ್ತರ. ಆಳಂದ ರಸ್ತೆ ಕಡೆ 2019ರಿಂದ ಒಂದು ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಶಹಾಬಾದ್ ಕಲ್ಲಿನ ನೆಲ, ಎರಡು ಕೋಣೆ, ಹಿಂದೆ ಒಂದು ಬೇವಿನ ಗಿಡ. ಇದೇ ಮನೆಯನ್ನು ಕೊಳ್ಳಲು ಮಾಲೀಕರ ಜೊತೆ 2024ರ ಮಾರ್ಚ್ 11ರಂದು ಕರಾರು ಮಾಡಿಕೊಂಡೆ. ಬೆಲೆ 28 ಲಕ್ಷ. ಬಯಾನಾ, ಅಂದರೆ ಮುಂಗಡ, 6 ಲಕ್ಷ ಕೊಟ್ಟೆ. ಅದರಲ್ಲಿ 4 ಲಕ್ಷ ಬ್ಯಾಂಕ್ ಮೂಲಕ, 2 ಲಕ್ಷ ನಗದು. 200 ರೂಪಾಯಿ ಬಾಂಡ್ ಪೇಪರ್ ಮೇಲೆ ಟೈಪ್ ಮಾಡಿಸಿ ನೋಟರಿ ಮಾಡಿಸಿದೆವು, ರಿಜಿಸ್ಟರ್ ಮಾಡಿಸಲಿಲ್ಲ. ಆರು ತಿಂಗಳ ಒಳಗೆ ಖರೀದಿ ಪತ್ರ ಆಗಬೇಕು, ತಪ್ಪಿದರೆ ಎರಡು ಪಟ್ಟು ಕೊಡಬೇಕು, ಮನೆಯ ಸ್ವಾಧೀನವನ್ನು ಈ ದಿನವೇ ಕೊಡಲಾಗಿದೆ ಎಂದೆಲ್ಲ ಬರೆದಿದೆ. ಅಂದಿನಿಂದ ಬಾಡಿಗೆ ಬೇಡ ಅಂದರು. ಖಾತಾ ಇನ್ನೂ ಅವರ ತೀರಿಹೋದ ತಂದೆಯ ಹೆಸರಲ್ಲಿದೆ, ಅದಕ್ಕೇ ನನ್ನ ಬ್ಯಾಂಕ್ ಸಾಲದ ಅರ್ಜಿ ವಾಪಸ್ ಬಂತು. ಈಗ ಮಾಲೀಕರು, "ಅಕ್ಕ-ತಂಗೇರು ಸಹಿ ಹಾಕವಲ್ರು, ನಿಮ್ಮ ರೊಕ್ಕ ತಗೊಂಡು ಮನಿ ಬಿಡ್ರಿ" ಅನ್ನುತ್ತಾರೆ. ಕರಾರು ರದ್ದು ಎಂದು ವಕೀಲರ ನೋಟಿಸು ಕಳಿಸಿ ಜೊತೆಗೆ 6 ಲಕ್ಷದ ಡಿಡಿ ಇಟ್ಟಿದ್ದಾರೆ. ಡಿಡಿ ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಮನೆಯಾಕೆ ಹಾಕಿಬಿಡಿ ಅನ್ನುತ್ತಾಳೆ. ಬೇರೆ ಯಾರೋ 36 ಲಕ್ಷಕ್ಕೆ ಕೇಳಿದ್ದಾರಂತೆ, ಮೊನ್ನೆ ಬಂದು ಮನೆ ನೋಡಿಕೊಂಡು ಹೋದರು. ನಾನು ಬೋರಿನ ಮೋಟರಿಗೆ, ಮಾಳಿಗೆ ರಿಪೇರಿಗೆ 80 ಸಾವಿರ ಹಾಕಿದ್ದೇನೆ. ಹೇಳುವುದು ಮರೆತೆ, ಆ 4 ಲಕ್ಷದಲ್ಲಿ 1 ಲಕ್ಷವನ್ನು ಅವರು ಹೇಳಿದರು ಅಂತ ಸೇಡಂನಲ್ಲಿರುವ ಅವರ ಅಕ್ಕನ ಖಾತೆಗೆ ಹಾಕಿದ್ದೆ. ಕೋರ್ಟಿಗೆ ಹೋದರೆ ಮನೆ ಸಿಗುತ್ತದೆಯೇ?

ಉತ್ತರ: ಮಾಸ್ತರೆ, ಮೊದಲು ಆ ಡಿಡಿ ವಿಷಯ. ಅದನ್ನು ಬ್ಯಾಂಕಿಗೆ ಹಾಕಬೇಡಿ. ನಿಮ್ಮ ಮನೆಯವರ ಮಾತಿನಲ್ಲೂ ಲೆಕ್ಕ ಇದೆ. ಕೈಗೆ ಬಂದ ರೊಕ್ಕ ಬ್ಯಾಂಕಿನಲ್ಲಿ ಇದ್ದರೆ ಬಡ್ಡಿಯಾದರೂ ಬರುತ್ತದೆ ಅಲ್ವಾ? ಆದರೆ ಅದನ್ನು ನಗದು ಮಾಡಿದ ದಿನ ನೀವೇ ಕರಾರಿನಿಂದ ಹೊರಗೆ ಬಂದ ಹಾಗೆ ಕಾಣುತ್ತದೆ. ಇಂಥದ್ದೇ ಒಂದು ಪ್ರಕರಣ 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮಾರುವವರು ಕರಾರು ರದ್ದು ಎಂದು ಪತ್ರ ಬರೆದು ಡಿಡಿಗಳನ್ನು ಕಳಿಸಿದ್ದರು. ಕೊಳ್ಳುವವರು ದಾವೆ ಹಾಕಿದರು, ಆದರೆ ಆ ಡಿಡಿಗಳನ್ನು ನಗದೂ ಮಾಡಿಕೊಂಡರು. ಮನೆ ಕೊಳ್ಳುವ ಮನಸ್ಸೇ ಇವರಿಗೆ ಉಳಿದಿರಲಿಲ್ಲ ಎಂದು ಸುಪ್ರೀಂ ಕೋರ್ಟು, ಕೆಳಗಿನ ಕೋರ್ಟು ಅವರ ಪರ ಕೊಟ್ಟಿದ್ದ ಡಿಕ್ರಿಯನ್ನೇ, ಅಂದರೆ ತೀರ್ಪಿನ ಆದೇಶವನ್ನೇ ತೆಗೆದುಹಾಕಿತು. ಹಾಗಾಗಿ ಡಿಡಿಯ ಜೆರಾಕ್ಸ್ ಇಟ್ಟುಕೊಂಡು, ಮೂಲವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಾಪಸ್ ಕಳಿಸಿ. ಜೊತೆಗೆ ವಕೀಲರ ಮೂಲಕ ಉತ್ತರ ಕೊಡಿ: ರದ್ದತಿ ನಾನು ಒಪ್ಪುವುದಿಲ್ಲ, ಉಳಿದ 22 ಲಕ್ಷ ಕೊಡಲು ಸಿದ್ಧನಿದ್ದೇನೆ, ಇಂಥ ದಿನದೊಳಗೆ ಖಾತಾ ಸರಿಮಾಡಿ ಖರೀದಿ ಪತ್ರ ಮಾಡಿಕೊಡಿ. ಉತ್ತರ ತಡ ಮಾಡಬೇಡಿ. ತಿಂಗಳುಗಟ್ಟಲೆ ಸುಮ್ನೆ ಕೂತರೆ ಆ ಮೌನವನ್ನೂ ನಿಮ್ಮ ವಿರುದ್ಧ ಓದುತ್ತಾರೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನೀವು ಹಾಕಬೇಕಾದ ದಾವೆಗೆ ನಾವು ವಕೀಲರು ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ದಾವೆ ಅನ್ನುತ್ತೇವೆ. ಕರಾರಿನಲ್ಲಿ ಒಪ್ಪಿದ್ದನ್ನು ಒಪ್ಪಿದ ಹಾಗೇ ಮಾಡಿಸಿಕೊಡಿ ಎಂದು ಕೇಳುವುದು. ಇದು 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯಲ್ಲಿ ಬರುತ್ತದೆ. ಹಿಂದೆ ಇಂಥ ಡಿಕ್ರಿ ಕೊಡುವುದು ಬಿಡುವುದು ಜಡ್ಜರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಕರಾರು ಸರಿ ಇದೆ, ಆದರೂ ಈಗ ಬೆಲೆ ಏರಿದೆ, ರೊಕ್ಕ ವಾಪಸ್ ತಗೊಳ್ಳಿ ಅಂದು ಕಳಿಸಿದ ಉದಾಹರಣೆ ಬೇಕಾದಷ್ಟಿವೆ. 2018ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಈಗ ಷರತ್ತುಗಳು ಪೂರೈಸಿದರೆ ಕೋರ್ಟು ಕರಾರನ್ನು ಜಾರಿ ಮಾಡಿಸಲೇಬೇಕು. ನಿಮ್ಮದು 2024ರ ಕರಾರು, ಈ ಹೊಸ ನಿಯಮದ ಲಾಭ ನಿಮಗಿದೆ.

ಆದರೆ ಬಹಳ ಜನ ಇಲ್ಲೇ ಒಂದು ತಪ್ಪು ತಿಳಿಯುತ್ತಾರೆ. ಮಾತು ತಪ್ಪಿದವರು ಅವರು, ಆದ್ದರಿಂದ ಕೋರ್ಟು ಅವರನ್ನು ತರಾಟೆಗೆ ತಗೊಳ್ಳುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಈ ದಾವೆಯಲ್ಲಿ ಕೋರ್ಟು ಮೊದಲು ನಿಮ್ಮನ್ನು ನೋಡುತ್ತದೆ. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕು, ನಿಮ್ಮ ಕಾಗದ, ನೀವು ಬರೆದ ಪತ್ರದ ತಾರೀಕು. ಅವರ ಸರದಿ ಆಮೇಲೆ.

ಕಾಯ್ದೆಯ 16ನೇ ಕಲಮಿನಲ್ಲಿ ಎರಡು ಪದ ಇವೆ: ಸಿದ್ಧತೆ ಮತ್ತು ಇಚ್ಛೆ. ಸಿದ್ಧತೆ ಅಂದರೆ ರೊಕ್ಕ ಹೊಂದಿಸುವ ತಾಕತ್ತು. ಇಚ್ಛೆ ಅಂದರೆ ನಿಮ್ಮ ನಡವಳಿಕೆ, ನೀವು ಬೆನ್ನು ಹತ್ತಿ ಕೇಳಿದಿರಾ ಇಲ್ಲವಾ ಎಂಬುದು. ಎರಡನ್ನೂ ನೀವು ಸಾಬೀತು ಮಾಡಬೇಕು, ಅದೂ ಕರಾರಿನ ದಿನದಿಂದ ಹಿಡಿದು ಡಿಕ್ರಿಯ ದಿನದವರೆಗೆ. 22 ಲಕ್ಷವನ್ನು ಗಂಟು ಕಟ್ಟಿ ಇಟ್ಟಿರಬೇಕು ಎಂದೇನಿಲ್ಲ. ಕೋರ್ಟು ಹೇಳದ ಹೊರತು ಮುಂಚಿತವಾಗಿ ಠೇವಣಿ ಇಡಬೇಕಾಗಿಯೂ ಇಲ್ಲ. ಆದರೆ ಈ ರೊಕ್ಕ ಎಲ್ಲಿಂದ ಬರುತ್ತಿತ್ತು ಎಂದು ಕಾಗದದಲ್ಲಿ ತೋರಿಸಬೇಕು.

ಹಲವು ವರ್ಷದ ಹಿಂದೆ ನನ್ನ ಹತ್ತಿರ ಬಂದ ಒಬ್ಬ ಕಕ್ಷಿದಾರರ ಕಥೆ ಹೇಳುತ್ತೇನೆ. ತೊಗರಿ ವ್ಯಾಪಾರ, ಊರಲ್ಲಿ ಒಳ್ಳೇ ಹೆಸರು. ಸಾಕ್ಷಿ ಕಟ್ಟೆಯಲ್ಲಿ ನಿಂತು, ರೊಕ್ಕ ನನ್ನ ಮನೆಯ ಅಲಮಾರಿಯಲ್ಲೇ ಇತ್ತು ಸ್ವಾಮಿ, ಅಂದರು. ಎದುರು ವಕೀಲರು ಏನೂ ವಾದ ಮಾಡಲಿಲ್ಲ. ಇವರ ಪಾಸ್‌ಬುಕ್ಕಿನ ಆ ತಿಂಗಳ ಪುಟ ತೆಗೆದು ಮುಂದಿಟ್ಟರು. ಉಳಿಕೆ ಹನ್ನೊಂದು ಸಾವಿರ ಚಿಲ್ಲರೆ. ಆದಾಯ ತೆರಿಗೆ ರಿಟರ್ನ್ ಇದೆಯಾ ಅಂದರು, ಇರಲಿಲ್ಲ. ಅಡತಿಯ ಲೆಕ್ಕದ ಪುಸ್ತಕ ಇದೆಯಾ ಅಂದರು, ತಂದಿರಲಿಲ್ಲ. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೂ ಕೇಸು ಅಲ್ಲೇ ಮುಗಿಯಿತು.

ನಿಮ್ಮ ಸ್ಥಿತಿ ಅವರಿಗಿಂತ ವಾಸಿ. ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದ್ದೀರಿ. ಅದರ ಪ್ರತಿ, ಸ್ವೀಕೃತಿ, ಬ್ಯಾಂಕು ವಾಪಸ್ ಕಳಿಸಿದ ಪತ್ರ, ಬ್ಯಾಂಕಿನ ವಕೀಲರು ಕೊಟ್ಟ ಅಭಿಪ್ರಾಯ, ಇವನ್ನೆಲ್ಲ ಸೇರಿಸಿ. ಅದರಲ್ಲಿ ಖಾತಾ ತಂದೆಯ ಹೆಸರಲ್ಲಿದೆ, ಸರಿಮಾಡಿ ತನ್ನಿ ಎಂದು ಬರೆದಿದ್ದರೆ ಅದು ದೊಡ್ಡ ಆಸರೆ. ಯಾಕೆಂದರೆ ಸಾಲ ಸಿಗದಿರುವುದಕ್ಕೆ ಕಾರಣ ನಿಮ್ಮ ಸಂಬಳವಲ್ಲ, ಅವರ ಕಾಗದ. ನಗರದ ಆಸ್ತಿಗೆ ಈಗ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ತಂದೆ ತೀರಿದ ಮೇಲೆ ವಾರಸುದಾರರು ಮಹಾನಗರ ಪಾಲಿಕೆಯಲ್ಲಿ ಖಾತಾ ಬದಲಾಯಿಸಿಕೊಳ್ಳಬೇಕಾಗಿತ್ತು. ಆ ಕೆಲಸ ನಿಮ್ಮ ಕೈಯಲ್ಲಿ ಇರಲಿಲ್ಲ. ಜೊತೆಗೆ ಸಂಬಳದ ಚೀಟಿ, ಭವಿಷ್ಯ ನಿಧಿಯ ಲೆಕ್ಕ, ಮನೆಯವರ ಬಂಗಾರ ಇಟ್ಟು ಎಷ್ಟು ಸಿಗುತ್ತಿತ್ತು ಎಂಬ ಅಂದಾಜು, ತಮ್ಮನೋ ಮಾವನೋ ಕೊಡುತ್ತೇನೆ ಅಂದಿದ್ದರೆ ಅವರ ಖಾತೆಯ ವಿವರ. ಮತ್ತೊಂದು, ಕರಾರಿನ ಆರು ತಿಂಗಳು ಮುಗಿದ 2024ರ ಸೆಪ್ಟೆಂಬರಿನಿಂದ ಈಚೆಗೆ ಮಾಲೀಕರಿಗೆ ನೀವು ಕಳಿಸಿದ ವಾಟ್ಸಾಪ್ ಸಂದೇಶಗಳು. "ಸರ, ಖಾತಾ ಏನಾಯ್ತ್ರಿ?" ಎಂದು ಕೇಳಿದ ಒಂದು ಸಾಲಿಗೂ ಬೆಲೆ ಇದೆ. ಫೋನ್ ಬದಲಾಯಿಸುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ.

ಈಗ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ವಿಷಯಕ್ಕೆ ಬರುತ್ತೇನೆ. ರಿಜಿಸ್ಟರ್ ಆಗಿಲ್ಲ ಎಂದು ನೀವು ಹೆದರಿದ್ದೀರಿ. ಅದು ಅಷ್ಟು ದೊಡ್ಡ ತೊಡಕಲ್ಲ. ನೋಂದಣಿ ಕಾಯ್ದೆಯ 49ನೇ ಕಲಮಿನ ಪ್ರಕಾರ, ರಿಜಿಸ್ಟರ್ ಆಗದ ಕರಾರನ್ನೂ ಈ ದಾವೆಯಲ್ಲಿ ಸಾಕ್ಷ್ಯವಾಗಿ ಇಡಬಹುದು. ತೊಡಕು ಇರುವುದು ಆ 200 ರೂಪಾಯಿ ಬಾಂಡ್ ಪೇಪರಿನಲ್ಲಿ, ಮತ್ತು ಟೈಪ್ ಮಾಡಿದವರು ಸುಮ್ನೆ ಹಾಕಿದ ಆ ಒಂದು ಸಾಲಿನಲ್ಲಿ: "ಸ್ವಾಧೀನವನ್ನು ಈ ದಿನವೇ ಕೊಡಲಾಗಿದೆ."

ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲಿ ಕರಾರುಗಳು ಎರಡು ಬಗೆ. ಸ್ವಾಧೀನ ಕೊಡದೆ ಮಾಡಿದ ಕರಾರಿಗೆ ಮುದ್ರಾಂಕ ಶುಲ್ಕ ಕಡಿಮೆ. ಸ್ವಾಧೀನ ಕೊಟ್ಟು ಮಾಡಿದ ಕರಾರಿಗೆ ಪೂರಾ ಖರೀದಿ ಪತ್ರಕ್ಕೆ ಎಷ್ಟೋ ಅಷ್ಟು. ಲೆಕ್ಕ ಹಾಕೋಣ. ಮನೆಯ ಖರೀದಿ ಪತ್ರಕ್ಕೆ ಶೇ 5. 28 ಲಕ್ಷಕ್ಕೆ 1 ಲಕ್ಷ 40 ಸಾವಿರ. ನೀವು ಕೊಟ್ಟಿದ್ದು 200. ಇಂಥ ಕಾಗದವನ್ನು ನೀವು ಕೋರ್ಟಿನಲ್ಲಿ ಹಾಜರುಮಾಡಿದ ತಕ್ಷಣ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಕೋರ್ಟು ಅದನ್ನು ವಶಕ್ಕೆ ತಗೊಳ್ಳುತ್ತದೆ. ಕೊರತೆ ಶುಲ್ಕ ತುಂಬು, ಅದರ ಹತ್ತು ಪಟ್ಟು ದಂಡ ತುಂಬು, ಆಮೇಲೇ ಸಾಕ್ಷ್ಯಕ್ಕೆ ತಗೊಳ್ಳುತ್ತೇನೆ ಅನ್ನುತ್ತದೆ. ಹತ್ತು ಪಟ್ಟು ಅಂದರೆ ಸುಮಾರು 14 ಲಕ್ಷ. ಮನೆಯ ಅರ್ಧ ಬೆಲೆ! 34ನೇ ಕಲಮಿನ ಅಡಿಯಲ್ಲಿ ದಂಡ ಇಳಿಸುವ ಅಧಿಕಾರ ಸಿವಿಲ್ ಕೋರ್ಟಿಗೆ ಇಲ್ಲ ಎಂದು ಸುಪ್ರೀಂ ಕೋರ್ಟು ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, 2018ರಲ್ಲಿ, ಖಡಕ್ಕಾಗಿ ಹೇಳಿದೆ.

ಗಾಬರಿಯಾಗಬೇಡಿ, ದಾರಿ ಇದೆ. ಅದೇ ಕಾಯ್ದೆಯ 39ನೇ ಕಲಮಿನಲ್ಲಿ ದಂಡ ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಡೆಪ್ಯುಟಿ ಕಮಿಷನರ್ ಅವರಿಗಿದೆ. ಹತ್ತು ಪಟ್ಟು ಎಂಬುದು ಅಲ್ಲಿ ಗರಿಷ್ಠ ಮಿತಿ, ಅದಕ್ಕಿಂತ ಕಡಿಮೆಯನ್ನೂ ಹಾಕಬಹುದು. ಕಾಗದವನ್ನು ಅಲ್ಲಿಗೆ ಕಳಿಸಿಕೊಡಿ ಎಂದು ದಾವೆಯಲ್ಲಿ ಅರ್ಜಿ ಹಾಕುವ ಹಕ್ಕು ನಿಮಗಿದೆ, 2024ರಲ್ಲಿ ಸುಪ್ರೀಂ ಕೋರ್ಟು ಇದನ್ನೂ ಬಿಡಿಸಿ ಹೇಳಿದೆ. ಇದನ್ನು ಮೊದಲೇ ಮಾಡಬೇಕು. ಸಾಕ್ಷಿ ಹೇಳುವ ದಿನ ಕಾಗದಕ್ಕೆ ನಿಶಾನೆ ಹಾಕಿಸಲು, ಅಂದರೆ ಸಾಕ್ಷ್ಯವಾಗಿ ದಾಖಲು ಮಾಡಿಸಲು ಹೋಗಿ ಸಿಕ್ಕಿಬಿದ್ದ ಮೇಲೆ ಅಲ್ಲ. ನಿಮ್ಮ ವಕೀಲರ ಹತ್ತಿರ ಹೋದ ದಿನವೇ ಈ ಮಾತು ಎತ್ತಿ. ಅವರು, ಅದೆಲ್ಲ ಆಮೇಲೆ ನೋಡೋಣ ಅಂದರೆ ಇನ್ನೊಂದು ಸಲ ಎತ್ತಿ.

ನಾನು 2019ರಿಂದಲೇ ಬಾಡಿಗೆಗೆ ಇದ್ದೆ, ಸ್ವಾಧೀನ ಕರಾರಿನಿಂದ ಬಂದದ್ದಲ್ಲ ಎಂದು ವಾದ ಮಾಡಬಹುದೇ? ಮಾಡಬಹುದು. ಆದರೆ ಕರಾರಿನ ದಿನದಿಂದ ಬಾಡಿಗೆ ನಿಂತಿದೆ, ಕಾಗದದಲ್ಲಿ ಸ್ವಾಧೀನ ಕೊಟ್ಟಿದೆ ಎಂದು ಬರೆದಿದೆ. ಈ ಎರಡೂ ಸೇರಿದರೆ ಆ ವಾದ ನಿಲ್ಲುವುದು ಕಷ್ಟ. ಅದರ ಮೇಲೆ ಭರವಸೆ ಇಟ್ಟು ರೊಕ್ಕದ ಲೆಕ್ಕ ಹಾಕಬೇಡಿ. ಹಾಗಾದರೆ ಸ್ವಾಧೀನ ಇದೆಯಲ್ಲ, ನನ್ನನ್ನು ಯಾರೂ ಹೊರಗೆ ಹಾಕುವಂತಿಲ್ಲ ಅಲ್ವಾ ಎಂದು ನೀವು ಕೇಳಬಹುದು. ಅಲ್ಲೂ ಪೂರ್ತಿ ರಕ್ಷಣೆ ಇಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 53ಎ ಕಲಮು ಕೊಡುತ್ತಿದ್ದ ಆಸರೆ, 2001ರ ಸೆಪ್ಟೆಂಬರಿನ ತಿದ್ದುಪಡಿ ಆದ ಮೇಲೆ ರಿಜಿಸ್ಟರ್ ಆದ ಕರಾರಿಗೆ ಮಾತ್ರ. ಅಂದರೆ ಆ ಒಂದು ಸಾಲು ನಿಮಗೆ ಶುಲ್ಕದ ಹೊರೆ ಹಾಕಿತು, ಬದಲಿಗೆ ಕೊಡಬೇಕಾದ ರಕ್ಷಣೆ ಕೊಡಲಿಲ್ಲ. ನೂರಿನ್ನೂರು ರೂಪಾಯಿಗೆ ಹಳೇ ಕರಾರಿನ ಹೆಸರು ತಾರೀಕು ಬದಲಿಸಿ ಹೊಸದು ಮಾಡಿಕೊಡುವವರ ಮೇಲೆ ನನಗೆ ಕೋಪ ಬರುವುದು ಇದಕ್ಕೇ.

ಆದರೂ ನೀವು ಆ ಮನೆಯಲ್ಲಿ ಇರುವುದು ಇನ್ನೊಂದು ರೀತಿಯಲ್ಲಿ ಉಪಕಾರಕ್ಕೆ ಬರುತ್ತದೆ. 36 ಲಕ್ಷಕ್ಕೆ ಕೇಳಿದವರ ವಿಷಯ ತಗೊಳ್ಳಿ. ನಿಮ್ಮ ಕರಾರು ರಿಜಿಸ್ಟರ್ ಆಗಿಲ್ಲ, ಆದ್ದರಿಂದ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ತೆಗೆಸಿದರೆ ಅದರಲ್ಲಿ ಕಾಣುವುದಿಲ್ಲ. ನಾಳೆ ಅವರು ಖರೀದಿ ಮಾಡಿಕೊಂಡು, ಅಯ್ಯೋ ನಮಗೆ ಗೊತ್ತೇ ಇರಲಿಲ್ಲ, ಪೂರಾ ರೊಕ್ಕ ಕೊಟ್ಟಿದ್ದೇವೆ ಅನ್ನಬಹುದು. ಗೊತ್ತಿಲ್ಲದೆ, ಪ್ರಾಮಾಣಿಕವಾಗಿ, ಬೆಲೆ ಕೊಟ್ಟು ಕೊಂಡವರ ಮೇಲೆ ಕರಾರು ಜಾರಿಯಾಗುವುದಿಲ್ಲ, ಅದು ನಿಜ. ಆದರೆ ಆಸ್ತಿಯಲ್ಲಿ ಬೇರೆಯವರು ವಾಸ ಇದ್ದಾಗ, ಅವರಿಗೆ ಇರುವ ಹಕ್ಕು ಏನು ಎಂಬುದು ಕೊಳ್ಳುವವರಿಗೆ ಗೊತ್ತಿತ್ತು ಎಂದೇ ಕಾನೂನು ತಿಳಿಯುತ್ತದೆ. ಮನೆ ನೋಡಲು ಬಂದವರು ನಿಮ್ಮ ಅಡುಗೆಮನೆಯಲ್ಲಿ ನಿಮ್ಮ ಕುಕ್ಕರ್ ಕೂಗುವುದು ಕೇಳಿಸಿಕೊಂಡು ಹೋಗಿದ್ದಾರೆ. ಇಲ್ಲಿರುವವರು ಯಾರು, ಯಾವ ಹಕ್ಕಿನಿಂದ ಇದ್ದಾರೆ ಎಂದು ಕೇಳಬೇಕಾದದ್ದು ಅವರ ಕೆಲಸ. ಇನ್ನೊಮ್ಮೆ ಬಂದರೆ ಜಗಳ ಮಾಡಬೇಡಿ. ಕೂರಿಸಿ, ಚಹಾ ಕೊಟ್ಟು, ಕರಾರಿನ ಜೆರಾಕ್ಸ್ ತೋರಿಸಿ, ನಂಬರ್ ತಗೊಂಡು ವಾಟ್ಸಾಪಿನಲ್ಲಿ ಕಳಿಸಿಯೂ ಬಿಡಿ. ಸ್ಥಳೀಯ ಪತ್ರಿಕೆಯೊಂದರಲ್ಲಿ ವಕೀಲರ ಮೂಲಕ ಸಾರ್ವಜನಿಕ ಪ್ರಕಟಣೆ ಕೊಡಿ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ತಕರಾರು ಅರ್ಜಿ ಕೊಟ್ಟು ಬಂದೆ, ಇನ್ನು ನೋಂದಣಿ ಆಗಲ್ಲ ಎಂದು ಮಾತ್ರ ನಿಶ್ಚಿಂತೆಯಿಂದ ಇರಬೇಡಿ. ಅವರು ನೋಡುವುದು ಕೋರ್ಟಿನ ಆದೇಶವನ್ನು.

ಆ ಆದೇಶ ಬೇಕೆಂದರೆ ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಬೇಕು: ಮನೆ ಮಾರಬಾರದು, ಸಾಲಕ್ಕೆ ಇಡಬಾರದು, ನಮ್ಮನ್ನು ಬಲವಂತದಿಂದ ಹೊರಗೆ ಹಾಕಬಾರದು. ಬರೀ ತಡೆಯಾಜ್ಞೆಯ ದಾವೆ ಹಾಕೋಣ, ಫೀ ಕಡಿಮೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕರಾರು ಒಂದರಿಂದಲೇ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಅದು ಹುಟ್ಟುವುದು ಖರೀದಿ ಪತ್ರದಿಂದ. ಬೆಂಗಳೂರಿನ ಒಂದು ಆಸ್ತಿಯ ಕೇಸಿನಲ್ಲಿ 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಕರಾರು ಇಟ್ಟುಕೊಂಡು ಮೂರನೆಯವರ ಮೇಲೆ ತಡೆಯಾಜ್ಞೆ ಕೇಳಿದ್ದ ದಾವೆಯನ್ನೇ ತಿರಸ್ಕರಿಸಿತು.

ಅದೇ ತೀರ್ಪಿನಲ್ಲಿ ನಿಮಗೆ ತಟ್ಟುವ ಇನ್ನೊಂದು ಮಾತಿದೆ. ಆಸ್ತಿ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕೊಟ್ಟಿದ್ದೇವೆ ಎಂದು ದಾವೆಯಲ್ಲಿ ಹೇಳಿದರೆ, ಕೋರ್ಟು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ನಿಮ್ಮ ನಗದು ಸರಿಯಾಗಿ 2 ಲಕ್ಷ. ಆಸ್ತಿ ಮಾರಾಟದ ಮುಂಗಡವನ್ನು 20 ಸಾವಿರ ಅಥವಾ ಅದಕ್ಕೂ ಮೇಲೆ ನಗದಾಗಿ ತಗೊಳ್ಳಬಾರದು ಎಂಬ ನಿಯಮ 2015ರ ಜೂನಿನಿಂದ ಇದೆ. ದಂಡ ಬೀಳುವುದು ತಗೊಂಡವರ ಮೇಲೆ. ಆದರೆ ಆ ರೊಕ್ಕ ನಿಮಗೆ ಎಲ್ಲಿಂದ ಬಂತು ಎಂದು ನಿಮ್ಮನ್ನೂ ಕೇಳಬಹುದು, ಲೆಕ್ಕ ರೆಡಿ ಇರಲಿ. ಹೆದರಿ ಆ 2 ಲಕ್ಷವನ್ನು ಮುಚ್ಚಿಡಬೇಡಿ. ಕರಾರಿನಲ್ಲೇ ಬರೆದಿದೆ, ಅವರು ನಿಮಗೆ ವಾಪಸ್ ಕಳಿಸಿದ ಡಿಡಿಯೂ 6 ಲಕ್ಷದ್ದು. ಅಷ್ಟೂ ಮುಟ್ಟಿದೆ ಎಂದು ಅವರೇ ಒಪ್ಪಿಕೊಂಡಂತಾಯಿತು. ಜೆರಾಕ್ಸ್ ಇಟ್ಟುಕೊಳ್ಳಿ ಅಂದದ್ದು ಅದಕ್ಕೂ ಸೇರಿ.

ಇನ್ನು ಅಕ್ಕ-ತಂಗಿಯರ ಮಾತು. ಮನೆ ತಂದೆಯ ಸ್ವಂತ ಗಳಿಕೆ ಆಗಿದ್ದು, ವಿಲ್ ಬರೆಯದೆ ತೀರಿಕೊಂಡಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಗಿದ್ದರೂ ಮಗಳಿಗೆ ಮಗನಷ್ಟೇ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಅನುಮಾನವಿಲ್ಲದಂತೆ ಹೇಳಿದೆ. ತಾಯಿ ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ, ಇಬ್ಬರು ಅಕ್ಕತಂಗಿಯರು ಎಂದಿಟ್ಟುಕೊಂಡರೂ, ನಿಮ್ಮ ಮಾಲೀಕರದು ಮೂರರಲ್ಲಿ ಒಂದು ಪಾಲು. ಸಹಿ ಹಾಕದವರನ್ನು ಅವರ ಕರಾರು ಕಟ್ಟಿಹಾಕುವುದಿಲ್ಲ. ಇದು ಕಹಿ ಮಾತು, ಆದರೆ ಕೋರ್ಟಿಗೆ ಹೋಗಿ ಲಕ್ಷ ಖರ್ಚು ಮಾಡಿದ ಮೇಲೆ ತಿಳಿಯುವುದಕ್ಕಿಂತ ಈಗ ತಿಳಿಯುವುದು ವಾಸಿ.

ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 12ನೇ ಕಲಮಿನಲ್ಲಿ, ಮಾಲೀಕರ ಪಾಲಿನ ಮಟ್ಟಿಗಾದರೂ ಬರೆಸಿಕೊಡಿ ಎಂದು ಕೇಳಲು ಅವಕಾಶ ಇದೆ. ನನ್ನ ಸಲಹೆ ಕೇಳಿದರೆ ಆ ದಾರಿ ನಿಮ್ಮಂಥವರಿಗಲ್ಲ. ಉಳಿದದ್ದರ ಮೇಲಿನ ಹಕ್ಕು ಬಿಟ್ಟುಕೊಡಬೇಕು, ಮತ್ತೆ ಪಾಲಿನ ದಾವೆ ಹಾಕಬೇಕು. ಅಲ್ಲದೆ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲು ಕೊಂಡ ಹೊರಗಿನವರಿಗೆ ಜಂಟಿಯಾಗಿ ವಾಸಿಸುವ ಹಕ್ಕನ್ನು ಕಾನೂನು ಕೊಡುವುದಿಲ್ಲ. ಎರಡು ಕೋಣೆಯ ಮನೆಯನ್ನು ಮೂರು ಪಾಲು ಹೇಗೆ ಮಾಡುತ್ತೀರಿ? ಬೇವಿನ ಗಿಡ ಯಾರಿಗೆ?

ಆದರೆ ಪತ್ರದ ಕೊನೆಗೆ, ಮರೆತೆ ಅಂತ ಒಂದು ಮಾತು ಬರೆದಿರಿ ನೋಡಿ, ಸೇಡಂನ ಅಕ್ಕನ ಖಾತೆಗೆ 1 ಲಕ್ಷ ಹಾಕಿದ್ದು. ಇಡೀ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಅದನ್ನೇ. ಮನೆ ಮಾರುವುದು ಗೊತ್ತೇ ಇರಲಿಲ್ಲ ಅನ್ನುವವರ ಖಾತೆಗೆ ಕರಾರಿನ ದಿನ, ಕೊಳ್ಳುವವರ ಖಾತೆಯಿಂದ ನೇರವಾಗಿ ಲಕ್ಷ ರೂಪಾಯಿ ಹೇಗೆ ಬಂತು? ಅವರು ವಾಪಸ್ ಕಳಿಸಿದರಾ? ಬ್ಯಾಂಕಿನಿಂದ ಆ ವರ್ಗಾವಣೆಯ ಮುದ್ರೆ ಹಾಕಿದ ಸ್ಟೇಟ್‌ಮೆಂಟ್ ಇವತ್ತೇ ತಗೊಳ್ಳಿ. ಅದು ಸಹಿಗೆ ಸಮ ಆಗುವುದಿಲ್ಲ. ಆದರೆ ಅಕ್ಕನ ಒಪ್ಪಿಗೆಯಿಂದಲೇ ತಮ್ಮ ವ್ಯವಹಾರ ಮಾಡಿದ ಎಂದು ವಾದಿಸಲು ಗಟ್ಟಿ ಆಧಾರ. ಆಕೆಯನ್ನು ದಾವೆಯಲ್ಲಿ ಪ್ರತಿವಾದಿ ಮಾಡಬೇಕೇ ಬೇಡವೇ ಎಂಬುದು ನಿಮ್ಮ ವಕೀಲರು ಆ ಕಾಗದ ನೋಡಿಯೇ ತೀರ್ಮಾನಿಸಲಿ. ಕರಾರಿಗೆ ಸಂಬಂಧವಿಲ್ಲದವರನ್ನು ಸುಮ್ನೆ ಎಳೆದರೆ ಕೇಸು ಪಾಲಿನ ಜಗಳವಾಗಿ ಬೆಳೆಯುತ್ತದೆ.

ಇಲ್ಲೊಂದು ಅನುಭವದ ಮಾತು. ಇಂಥ ಕೇಸುಗಳಲ್ಲಿ ಅಕ್ಕತಂಗಿಯರ ತಕರಾರು ಮನೆ ಮಾರುವುದಕ್ಕೆ ಇರುವುದು ಕಡಿಮೆ. ತಮ್ಮ ನಮಗೆ ಎಷ್ಟು ಕೊಡುತ್ತಾನೆ ಎಂಬುದಕ್ಕೇ ಜಾಸ್ತಿ. ಕೆಲವು ಸಲ ಅವರಿಗೆ ನಿಜವಾದ ಬೆಲೆಯೇ ಗೊತ್ತಿರುವುದಿಲ್ಲ. ನೋಟಿಸಿನ ಉತ್ತರ ಕಳಿಸಿದ ಮೇಲೆ, ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಒಂದು ಭಾನುವಾರ ಸೇಡಂಗೆ ಹೋಗಿಬನ್ನಿ. ಮಾಲೀಕರ ಮೇಲೆ ದೂರು ಹೇಳಬೇಡಿ. ಕರಾರು ತೋರಿಸಿ, 28 ಲಕ್ಷ ಅಂತ ಆಗಿದೆ ಅಕ್ಕ, ನಿಮ್ಮ ಪಾಲನ್ನು ನಿಮ್ಮ ಖಾತೆಗೇ ಹಾಕುತ್ತೇನೆ ಅನ್ನಿ. ಈ ಒಂದು ಮಾತಿನಿಂದ ಗಂಟು ಬಿಚ್ಚಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನೂ ಒಂದೋ ಎರಡೋ ಲಕ್ಷ ಜಾಸ್ತಿ ಕೇಳಿದರೆ ಅಲ್ಲೇ ಕೋಪ ಮಾಡಿಕೊಳ್ಳಬೇಡಿ, ಕೋರ್ಟಿನ ಖರ್ಚಿನ ಪಕ್ಕ ಇಟ್ಟು ತೂಗಿ ನೋಡಿ.

ಆ ಖರ್ಚು ಎಷ್ಟು? ಈ ದಾವೆಯಲ್ಲಿ ಕೋರ್ಟ್ ಫೀ ಕಟ್ಟುವುದು ನೀವು ಕೊಟ್ಟ 6 ಲಕ್ಷದ ಮೇಲಲ್ಲ, ಪೂರಾ 28 ಲಕ್ಷದ ಮೇಲೆ. ನಮ್ಮ ರಾಜ್ಯದ ದರದಲ್ಲಿ ಅದು ಲಕ್ಷ ರೂಪಾಯಿ ದಾಟುತ್ತದೆ. ವಕೀಲರ ಫೀ ಬೇರೆ, ಮುದ್ರಾಂಕದ ದಂಡ ಬೇರೆ. ದಾವೆ ನಡುವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೋರ್ಟ್ ಫೀ ವಾಪಸ್ ಬರುತ್ತದೆ, ಅದನ್ನು ನೆನಪಿಡಿ. ಸಮಯದ ಮಾತಿಗೆ ಬಂದರೆ, ಸಮನ್ಸ್ ಮುಟ್ಟಿದ 12 ತಿಂಗಳಲ್ಲಿ ಮುಗಿಸಬೇಕು, ಬೇಕಾದರೆ ಇನ್ನು 6 ತಿಂಗಳು ಎಂದು ಸ್ಪೆಸಿಫಿಕ್ ರಿಲೀಫ್ ಕಾಯ್ದೆಯಲ್ಲಿ ಬರೆದಿದೆ. ಓದಲು ಚೆಂದ. ನೀವು ನಾಲ್ಕೈದು ವರ್ಷದ ತಯಾರಿ ಇಟ್ಟುಕೊಳ್ಳಿ. ಹೈಕೋರ್ಟಿಗೆ ಹೋಗಬೇಕಾಗಿ ಬಂದರೂ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯಬೇಕಿಲ್ಲ, ನಮ್ಮೂರಲ್ಲೇ 2008ರಿಂದ ಸಂಚಾರಿ ಪೀಠ, 2013ರಿಂದ ಕಾಯಂ ಪೀಠ ಇದೆ. ಅಷ್ಟು ಮಟ್ಟಿಗೆ ನಾವು ಪುಣ್ಯವಂತರು.

ಗಡುವು ಮಾತ್ರ ಮರೆಯಬೇಡಿ. ಕರಾರಿನಲ್ಲಿ ತಾರೀಕು ಗೊತ್ತಾಗಿದ್ದರೆ, ಆ ತಾರೀಕಿನಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ನಿಮ್ಮ ಆರು ತಿಂಗಳು 2024ರ ಸೆಪ್ಟೆಂಬರ್ 11ಕ್ಕೆ ಮುಗಿದಿದೆ, ಹಾಗಾಗಿ ಮೂರು ವರ್ಷ 2027ರ ಸೆಪ್ಟೆಂಬರ್ 11ಕ್ಕೆ. ಅವತ್ತು ಎರಡನೇ ಶನಿವಾರ ಬೇರೆ! ಆ ದಿನದವರೆಗೆ ಕಾಯುವ ಆಟವೇ ಬೇಡ. ಮೂರು ವರ್ಷ ಇದೆ ಎಂದು ಸುಮ್ಮನಿದ್ದು ಕೊನೆಯ ವಾರ ಓಡಿಬಂದವರಿಗೆ, ಇಷ್ಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆ ತಪ್ಪುವುದಿಲ್ಲ. ಆಮೇಲೆ ಬಾಯಿಮಾತಿನಲ್ಲಿ ಇನ್ನೊಂದು ವರ್ಷ ಮುಂದೂಡಿದರು ಎಂಬುದನ್ನು ಸಾಬೀತು ಮಾಡುವುದೂ ಕಷ್ಟ.

ದಾವೆಯಲ್ಲಿ ಏನೇನು ಕೇಳಬೇಕು ಎಂಬುದರಲ್ಲಿ ವಕೀಲರೂ ಕೆಲವೊಮ್ಮೆ ಎಡವುತ್ತಾರೆ, ಆದ್ದರಿಂದ ನೀವೂ ಓದಿ ನೋಡಿ. ಖರೀದಿ ಪತ್ರ ಮಾಡಿಕೊಡಬೇಕು ಎಂಬುದು ಮುಖ್ಯ. ಅವರು ರದ್ದತಿ ನೋಟಿಸು ಕಳಿಸಿರುವುದರಿಂದ, ಆ ರದ್ದತಿ ಊರ್ಜಿತವಲ್ಲ ಎಂದು ಘೋಷಿಸಿ ಎಂಬ ಕೋರಿಕೆಯೂ ಇರಲೇಬೇಕು. ಅದು ಇಲ್ಲದ್ದಕ್ಕೇ ದಾವೆ ನಿಲ್ಲುವುದಿಲ್ಲ ಎಂದ ತೀರ್ಪುಗಳಿವೆ. ಅದರ ಜೊತೆಗೆ, ಒಂದು ವೇಳೆ ಖರೀದಿ ಪತ್ರ ಸಾಧ್ಯವಿಲ್ಲ ಅಂದರೆ ಮುಂಗಡ ಬಡ್ಡಿ ಸಮೇತ ವಾಪಸ್ ಕೊಡಿಸಿ ಎಂದೂ ಬರೆಯಿರಿ. ಕೇಳದಿದ್ದರೆ ಕೋರ್ಟು ತಾನಾಗಿ ಕೊಡುವುದಿಲ್ಲ. ಆ ಎರಡು ಪಟ್ಟಿನ ಷರತ್ತು ಇದೆಯಲ್ಲ, ಅದನ್ನು ತೋರಿಸಿ ಅವರು, 12 ಲಕ್ಷ ಕೊಡುತ್ತೇವೆ, ಮನೆ ಕೇಳಬೇಡಿ ಅನ್ನಬಹುದು. ಮಾತು ಉಳಿಸಿಕೊಳ್ಳಲಿ ಎಂದು ಹಾಕಿದ ದಂಡದ ಷರತ್ತು ಮನೆ ಕೇಳುವ ಹಕ್ಕನ್ನು ಕಸಿಯುವುದಿಲ್ಲ, ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 23ನೇ ಕಲಮು ನೋಡಿ. ದಂಡ ಕೊಟ್ಟು ಬಿಡಿಸಿಕೊಳ್ಳುವ ಆಯ್ಕೆ ಅವರಿಗಿದೆ ಎಂದು ನಿಮ್ಮ ಕರಾರಿನಲ್ಲಿ ಬರೆದಿಲ್ಲ ತಾನೇ, ಅದೊಂದು ಸಾಲು ಮತ್ತೆ ಓದಿಕೊಳ್ಳಿ.

ಡಿಕ್ರಿ ಆಯಿತು ಎಂದಿಟ್ಟುಕೊಳ್ಳಿ. ಉಳಿದ ರೊಕ್ಕ ಇಷ್ಟು ದಿನದಲ್ಲಿ ಕಟ್ಟು ಎಂದು ಅದರಲ್ಲಿ ಇರುತ್ತದೆ. ಮಾಲೀಕರು ತಗೊಳ್ಳಲು ಬರಲಿಲ್ಲ ಎಂದು ನೀವು ಕಾಯಬಾರದು, ಕೋರ್ಟಿನಲ್ಲೇ ಕಟ್ಟಿಬಿಡಬೇಕು. ದಿನ ಮೀರಿದರೆ ಕರಾರನ್ನೇ ರದ್ದು ಮಾಡಿ ಎಂದು ಅವರು ಅರ್ಜಿ ಹಾಕಬಹುದು. ಗೆದ್ದು ಮನೆಗೆ ಪೇಡೆ ಹಂಚಿ, ಎರಡು ತಿಂಗಳ ಗಡುವು ತಪ್ಪಿಸಿಕೊಂಡು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದವರಿದ್ದಾರೆ. ಆಗಲೂ ಅವರು ಸಹಿ ಹಾಕಲು ಒಪ್ಪದಿದ್ದರೆ ಅಮಲ್ಜಾರಿ ಅರ್ಜಿಯ (ಡಿಕ್ರಿ ಜಾರಿ ಮಾಡಿಸಿ ಎಂದು ಹಾಕುವ ಅರ್ಜಿ) ಜೊತೆ ನೀವೇ ಖರೀದಿ ಪತ್ರದ ಕರಡು ಕೊಡಬೇಕು, ಕೋರ್ಟು ಅವರ ಪರವಾಗಿ ಸಹಿ ಹಾಕಿಸಿ ನೋಂದಣಿ ಮಾಡಿಸುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2 ಆಗಿದೆ, ಅದನ್ನೂ ಲೆಕ್ಕದಲ್ಲಿ ಸೇರಿಸಿ.

ಪೊಲೀಸ್ ಠಾಣೆಗೆ ಹೋಗಲೇ ಎಂದು ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಲವಂತ ಮಾಡಿದರೆ, ಬೀಗ ಮುರಿದರೆ ಹೋಗಿ. ಕರಾರು ಜಾರಿ ಮಾಡಿಸುವುದು ಅವರ ಕೆಲಸವಲ್ಲ. ಒಂದು ವೇಳೆ ನೀವು ಊರಲ್ಲಿ ಇಲ್ಲದಾಗ ಸಾಮಾನು ಹೊರಗಿಟ್ಟು ಬೀಗ ಹಾಕಿಬಿಟ್ಟರೆ, ಆರು ತಿಂಗಳ ಒಳಗೆ ಸ್ವಾಧೀನ ವಾಪಸ್ ಕೊಡಿಸಿ ಎಂದು ಪ್ರತ್ಯೇಕ ದಾವೆ ಹಾಕಲು ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 6ನೇ ಕಲಮು ಇದೆ. ಅಲ್ಲಿ ಮನೆ ಯಾರದು ಎಂದು ಕೇಳುವುದಿಲ್ಲ, ಯಾರು ಇದ್ದರು ಎಂದು ಮಾತ್ರ ನೋಡುತ್ತಾರೆ. ಆದ್ದರಿಂದ ಕರೆಂಟ್ ಬಿಲ್, ಗ್ಯಾಸ್ ಚೀಟಿ ಜೋಪಾನ.

ಕೊನೆಗೆ ನಿಮ್ಮ 80 ಸಾವಿರ. ಮೋಟರಿನ ಬಿಲ್ಲು, ಮಾಳಿಗೆ ರಿಪೇರಿಯ ಗೌಂಡಿಗೆ ಕೊಟ್ಟ ಲೆಕ್ಕ ಇದ್ದರೆ ಪರ್ಯಾಯ ಕೋರಿಕೆಯಲ್ಲಿ ಸೇರಿಸಿ ಕೇಳಬಹುದು. ಪೂರಾ ಬರುತ್ತದೆ ಎಂದು ಎಣಿಸಬೇಡಿ. ಕರಾರಿನಲ್ಲಿ ಅದರ ಮಾತಿಲ್ಲ, ಅವರು ಒಪ್ಪಿದ್ದರು ಎಂಬ ಸಂದೇಶ ಇದ್ದರೆ ಬೇರೆ. ಇನ್ನು ಮುಂದೆ ಆ ಮನೆಗೆ ಸುಣ್ಣ ಬಣ್ಣ, ಹೊಸ ಗ್ರಿಲ್ಲು ಎಂದು ಒಂದು ರೂಪಾಯಿಯನ್ನೂ ಹಾಕಬೇಡಿ. ಮಳೆಗಾಲದಲ್ಲಿ ಸೋರಿದರೆ ಕೆಳಗೆ ಬಕೆಟ್ ಇಡಿ.